ಒಂದು ಸಾಲು ಅಂದರೆ ಏನು? ಅಡಿಕೆ ಧಾರಣೆಯ ವೆಬ್ ಆ್ಯಪ್ ಕಟ್ಟಿದ ಪ್ರಕರಣ

ಹಿನ್ನೆಲೆ

ಇದು ಮಲೆನಾಡಿನ ಒಂದು ಬೆಳೆಗಾರರ ಸಹಕಾರ ಸಂಘಕ್ಕೆ ನಾವು ಮೂವರು ಸೇರಿ ಮಾಡಿಕೊಟ್ಟ ಕೆಲಸ. ಸಂಘದ ಹೆಸರು, ತಾಲ್ಲೂಕು, ಜನರ ಹೆಸರು ಯಾವುದನ್ನೂ ಇಲ್ಲಿ ಬರೆದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ.

ಸಂಘದ ಜಗಲಿಯಲ್ಲಿ ಒಂದು ಕಪ್ಪು ಹಲಗೆ ಇದೆ. ದಿನಾ ಸಂಜೆ ಕಾರ್ಯದರ್ಶಿಗಳು ಎರಡು ಮೂರು ಕಡೆ ಫೋನ್ ಮಾಡಿ, ಅವತ್ತಿನ ಅಡಿಕೆ ಧಾರಣೆ ಕೇಳಿಕೊಂಡು ಆ ಹಲಗೆಯ ಮೇಲೆ ಬರೆಯುತ್ತಾರೆ. ಅದರ ಫೋಟೋ ವಾಟ್ಸ್ಆ್ಯಪ್ ಗುಂಪಿಗೆ ಹೋಗುತ್ತದೆ. ಕಾರ್ಯದರ್ಶಿಗಳು ರಜೆ ಹಾಕಿದ ದಿನ ಹಲಗೆಯ ಮೇಲೆ ಹಳೆಯ ಧಾರಣೆಯೇ ಉಳಿಯುತ್ತದೆ. "ಇದನ್ನೇ ಫೋನಿನಲ್ಲಿ ಬರೋ ಹಾಗೆ ಮಾಡಿಕೊಡಕ್ಕೆ ಆಗುತ್ತಾ?" ಎಂದು ಅವರು ಕೇಳಿದ್ದರಿಂದ ಎಲ್ಲ ಶುರುವಾಯಿತು.

ನಮ್ಮಲ್ಲಿ ಒಬ್ಬ ಹುಡುಗ ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವವನು. ಇನ್ನೊಬ್ಬಳು ಎಂಜಿನಿಯರಿಂಗ್ ಕೊನೆಯ ವರ್ಷದ ಹುಡುಗಿ, ಅದೇ ಊರಿನವಳು, ಅವರ ಮನೆಯಲ್ಲೂ ತೋಟ ಇದೆ. ಮೂರನೆಯವನು ನಾನು. ಸಂಜೆ ಹೊತ್ತು, ಭಾನುವಾರ, ಹೀಗೆ ಬಿಡುವು ಸಿಕ್ಕಾಗ ಮಾಡಿದ ಕೆಲಸ.

ಡೇಟಾ ಎಲ್ಲಿಂದ ತರುವುದು ಅನ್ನೋದು ಬೇಗ ತೀರ್ಮಾನವಾಯಿತು. ಕೇಂದ್ರ ಸರ್ಕಾರದ ಮುಕ್ತ ಡೇಟಾ ತಾಣ, ಡೇಟಾ ಡಾಟ್ ಗೌ ಡಾಟ್ ಇನ್, 2012ರಲ್ಲಿ ಶುರುವಾಯಿತು. ದೇಶದ ಮಾರುಕಟ್ಟೆಗಳ ದಿನದ ದರಗಳು ಅಲ್ಲಿ ಎಪಿಐ (ಒಂದು ಪ್ರೋಗ್ರಾಂ ಇನ್ನೊಂದರಿಂದ ಡೇಟಾ ಕೇಳಿ ಪಡೆಯುವ ದಾರಿ) ಮೂಲಕ ಸಿಗುತ್ತವೆ. ಈ ದರಗಳು ಬರುವುದು ಮಾರುಕಟ್ಟೆಗಳ ದರ ಕಲೆಹಾಕುವ ಸರ್ಕಾರಿ ಆಗ್‌ಮಾರ್ಕ್‌ನೆಟ್ ಜಾಲದಿಂದ. ನೋಂದಣಿ ಮಾಡಿಕೊಂಡರೆ ಒಂದು ಕೀ (ಗುಪ್ತಪದದಂತಹ ಅಕ್ಷರಗಳ ಸಾಲು) ಕೊಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಉತ್ತರ ಜೇಸನ್ ಎಂಬ ಪಠ್ಯ ರೂಪದಲ್ಲಿ ಬರುತ್ತದೆ. ಒಂದೊಂದು ದಾಖಲೆಯಲ್ಲಿ ರಾಜ್ಯ, ಜಿಲ್ಲೆ, ಮಾರುಕಟ್ಟೆ, ಬೆಳೆ, ವೆರೈಟಿ, ಗ್ರೇಡ್, ತಾರೀಖು, ಕನಿಷ್ಠ ದರ, ಗರಿಷ್ಠ ದರ, ಮೋಡಲ್ ದರ ಇರುತ್ತವೆ. ದರವೆಲ್ಲ ಕ್ವಿಂಟಾಲಿಗೆ ಇಷ್ಟು ರೂಪಾಯಿ ಎಂಬ ಲೆಕ್ಕದಲ್ಲಿ.

ಈ ಹತ್ತು ಅಂಕಣಗಳನ್ನು ನೋಡಿದ ತಕ್ಷಣ ನಮಗೆ ಎಲ್ಲ ಅರ್ಥವಾಯಿತು ಅನ್ನಿಸಿತು. ಆಮೇಲೆ ಬಂದ ಎಡವಟ್ಟುಗಳಲ್ಲಿ ಹೆಚ್ಚಿನವು ಆ ಅನ್ನಿಸಿಕೆಯಿಂದಲೇ ಹುಟ್ಟಿದವು.

ಮೊದಲ ಆವೃತ್ತಿ

ವೆಬ್ ಪರದೆ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ ರಿಯಾಕ್ಟ್ ಆಯ್ಕೆ ಮಾಡಿದ್ದಕ್ಕೆ ದೊಡ್ಡ ಕಾರಣ ಏನಿಲ್ಲ. ಹುಡುಗನಿಗೆ ಅದರಲ್ಲಿ ಕೈ ಪಳಗಿತ್ತು. ಬರೆದ ಕೋಡನ್ನು ಬ್ರೌಸರಿಗೆ ಹೋಗುವ ಫೈಲಾಗಿ ಕಟ್ಟುವುದಕ್ಕೆ ವೀಟ್ ಎಂಬ ಸಾಧನ ಬಳಸಿದೆವು. ಒಂದು ಹಾಳೆಯ ಮೇಲೆ ಪರದೆಯ ಚಿತ್ರ ಬರೆದು, ಅದರ ಮೇಲೆ ಚೌಕ ಹಾಕುತ್ತಾ ಹೋದೆವು. ಒಂದೊಂದು ಚೌಕವೂ ಒಂದು ಕಾಂಪೊನೆಂಟ್, ಅಂದರೆ ಪರದೆಯ ಒಂದು ಬಿಡಿ ಭಾಗ. ಮೇಲೆ ಶೀರ್ಷಿಕೆ ಒಂದು ಕಾಂಪೊನೆಂಟ್. ಜಿಲ್ಲೆ, ಮಾರುಕಟ್ಟೆ ಆರಿಸುವ ಪಟ್ಟಿ ಒಂದು. ಕೆಳಗೆ ಕಾರ್ಡುಗಳ ಸಾಲು, ಅದರೊಳಗೆ ಬೆಲೆ ಕಾರ್ಡು. ಒಂದು ಕಾರ್ಡಿನಲ್ಲಿ ಮಾರುಕಟ್ಟೆಯ ಹೆಸರು, "ಅಡಿಕೆ" ಎಂಬ ಪದ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಒಂದೇ ಒಂದು ಅಂಕಿ.

ಆ ಕಾರ್ಡು ನೋಡಲು ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ, ಆ ಒಂದು ಅಂಕಿ ಎಲ್ಲಿಂದ ಬರುತ್ತದೆ ಎಂದು ನಾವು ಯಾರೂ ಕೇಳಲಿಲ್ಲ.

ಮೊದಲು ಸಿಕ್ಕಿದ್ದು ಬೇರೆಯೇ ತೊಂದರೆ. ಪ್ರತಿ ಕಾಂಪೊನೆಂಟ್ ತನಗೆ ಬೇಕಾದ ಡೇಟಾವನ್ನು ತಾನೇ ತರುವ ಹಾಗೆ ಬರೆದಿದ್ದೆವು. ಶೀರ್ಷಿಕೆಯಲ್ಲಿ "ಇಂದು ಇಷ್ಟು ಮಾರುಕಟ್ಟೆಗಳು" ಎಂದು ತೋರಿಸಲು ಸರ್ವರಿಗೆ ಒಂದು ಕರೆ. ಆಯ್ಕೆಯ ಪಟ್ಟಿಗೆ ಇನ್ನೊಂದು. ಕಾರ್ಡುಗಳಿಗೆ ಮತ್ತೊಂದು. ಮೂರೂ ಯೂಸ್ಎಫೆಕ್ಟ್ (ಪರದೆ ಮೂಡಿದ ಮೇಲೆ ಓಡುವ ರಿಯಾಕ್ಟಿನ ಕೋಡು) ಒಳಗೆ ಫೆಚ್ (ಬ್ರೌಸರಿನಿಂದ ಡೇಟಾ ಕೇಳುವ ಆಜ್ಞೆ) ಮಾಡುತ್ತಿದ್ದವು. ಮೂರು ಉತ್ತರಗಳು ಮೂರು ಹೊತ್ತಿಗೆ ಬರುತ್ತಿದ್ದವು. ಮಾರುಕಟ್ಟೆಗಳ ದರ ಮಧ್ಯಾಹ್ನದಿಂದ ಸಂಜೆಯ ತನಕ ಒಂದೊಂದಾಗಿ ಸೇರುತ್ತಾ ಹೋಗುತ್ತದೆ. ಹಾಗಾಗಿ ಶೀರ್ಷಿಕೆಯಲ್ಲಿ ಆರು ಎಂದಿದ್ದರೆ ಕೆಳಗೆ ಏಳು ಕಾರ್ಡು ಕಾಣುತ್ತಿದ್ದ ಸಂಜೆಗಳೂ ಇದ್ದವು.

ಇದನ್ನು ಸರಿ ಮಾಡಿದ್ದು ಸುಲಭವಾಗಿ. ತರುವ ಕೆಲಸವನ್ನು ಮೇಲಿನ ಒಂದೇ ಕಾಂಪೊನೆಂಟಿಗೆ ಕೊಟ್ಟೆವು. ಕೆಳಗಿನವು ಪ್ರಾಪ್ಸ್ ಮೂಲಕ (ಮೇಲಿನ ಕಾಂಪೊನೆಂಟ್ ಕೆಳಗಿನದಕ್ಕೆ ಕೊಡುವ ಮೌಲ್ಯಗಳು) ಬಂದದ್ದನ್ನು ತೋರಿಸುತ್ತವೆ, ಅಷ್ಟೇ. ತರುವ ಭಾಗವನ್ನು ಒಂದು ಹುಕ್ (ಮತ್ತೆ ಮತ್ತೆ ಬಳಸಬಹುದಾದ ಫಂಕ್ಷನ್) ಆಗಿ ಬೇರೆ ಫೈಲಿಗೆ ಹಾಕಿದೆವು. ಆಗ ಇದು ಸುಮ್ನೆ ಅಚ್ಚುಕಟ್ಟಿಗೆ ಮಾಡಿದ ಕೆಲಸದ ಹಾಗಿತ್ತು. ಆದರೆ ಮುಂದೆ ಬಂದ ಪ್ರತಿಯೊಂದು ತಪ್ಪನ್ನೂ ಒಂದೇ ಕಡೆ ತಿದ್ದಲು ಸಾಧ್ಯವಾದದ್ದು ಇದರಿಂದಲೇ.

ಹತ್ತೇ ಸಾಲು, ಮತ್ತು ಹಳೆಯ ಹೆಸರು

ಮೊದಲ ವಾರ ಕಾರ್ಯದರ್ಶಿಗಳಿಗೆ ತೋರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಪಕ್ಕದ ತಾಲ್ಲೂಕಿಂದು ಎಲ್ಲಿ?"

ಇವತ್ತು ಅಲ್ಲಿ ವ್ಯಾಪಾರ ಇರಲಿಲ್ಲವೇನೋ ಎಂದುಬಿಟ್ಟೆವು. ಮಾರನೇ ದಿನವೂ ಇಲ್ಲ. ಅವರು ಅಲ್ಲಿಗೆ ಫೋನ್ ಮಾಡಿ, ವ್ಯಾಪಾರ ನಡೆದಿದೆ ಎಂದು ಹೇಳಿದರು. ಆಮೇಲೆ ಪೂರ್ತಿ ಉತ್ತರವನ್ನು ತೆರೆದು ನೋಡಿದೆವು. ಒಟ್ಟು ಎಷ್ಟು ದಾಖಲೆ ಇದೆ, ಈಗ ಎಷ್ಟು ಕೊಟ್ಟಿದೆ, ಮಿತಿ ಎಷ್ಟು, ಎಲ್ಲಿಂದ ಶುರು, ಎಲ್ಲವೂ ಅದರಲ್ಲೇ ಬರೆದಿತ್ತು. ನಾವು ದಾಖಲೆಗಳ ಭಾಗವನ್ನು ಮಾತ್ರ ತೆಗೆದುಕೊಂಡು ಉಳಿದದ್ದನ್ನು ಬಿಟ್ಟಿದ್ದೆವು. ಎಲ್ಲರೂ ಪ್ರಯೋಗಕ್ಕೆ ಬಳಸಬಹುದಾದ ನಮೂನೆ ಕೀ ಒಂದು ಆ ತಾಣದಲ್ಲಿದೆ. ಅದರಿಂದ ಒಮ್ಮೆಗೆ ಹತ್ತು ದಾಖಲೆ ಮಾತ್ರ ಸಿಗುತ್ತದೆ ಎಂದು ಅಲ್ಲೇ ಹೇಳಿದ್ದಾರೆ. ನಾವು ಇನ್ನೂ ಅದೇ ಕೀಯಲ್ಲಿದ್ದೆವು. ನಮ್ಮದೇ ಕೀ ಹಾಕಿ, ಮಿತಿ ಜಾಸ್ತಿ ಮಾಡಿ, ಒಟ್ಟು ಸಂಖ್ಯೆ ಮುಟ್ಟುವ ತನಕ ಮತ್ತೆ ಮತ್ತೆ ಕೇಳುವ ಹಾಗೆ ಬರೆದ ಮೇಲೆ ಎಲ್ಲ ಮಾರುಕಟ್ಟೆಗಳೂ ಬಂದವು. ಬಂದ ದಾಖಲೆಗಳ ಲೆಕ್ಕ ಒಟ್ಟಿಗೆ ಹೊಂದದಿದ್ದರೆ "ಪಟ್ಟಿ ಪೂರ್ತಿ ಬಂದಿಲ್ಲ" ಎಂದು ತೋರಿಸುವ ಒಂದು ಸಾಲನ್ನೂ ಸೇರಿಸಿದೆವು.

ಅದೇ ವಾರ ಶಿವಮೊಗ್ಗ ಜಿಲ್ಲೆ ಆರಿಸಿದರೆ ಒಂದೂ ದಾಖಲೆ ಬರುತ್ತಿರಲಿಲ್ಲ. ಕರ್ನಾಟಕ 2014ರ ನವೆಂಬರ್ 1ರಂದು 12 ನಗರಗಳ ಇಂಗ್ಲಿಷ್ ಹೆಸರನ್ನು ಬದಲಿಸಿತು. ಶಿಮೊಗಾ ಹೋಗಿ ಶಿವಮೊಗ್ಗ ಆದದ್ದು ಆಗಲೇ. ನಾವು ಹೊಸ ಕಾಗುಣಿತ ಹಾಕಿ ಹುಡುಕುತ್ತಿದ್ದೆವು, ಡೇಟಾದಲ್ಲಿ ಇದ್ದದ್ದು ಹಳೆಯದು. ಕೋಡಿನೊಳಗೆ ಹೆಸರು ಬರೆದಿಡುವುದನ್ನು ಬಿಟ್ಟು, ಬಂದ ದಾಖಲೆಗಳಿಂದಲೇ ಆಯ್ಕೆಯ ಪಟ್ಟಿ ತಯಾರಿಸಿದೆವು. ಕನ್ನಡದಲ್ಲಿ ತೋರಿಸಲು ಮಾತ್ರ ಒಂದು ಚಿಕ್ಕ ಹೆಸರುಪಟ್ಟಿ ಇಟ್ಟುಕೊಂಡೆವು.

ಜಗಲಿಯ ಮೇಲೆ ಒಂದು ಸಂಜೆ

ಇಲ್ಲಿಯವರೆಗೆ ಆದದ್ದು ಯಾವ ಆ್ಯಪಿನಲ್ಲಾದರೂ ಆಗಬಹುದು. ಈ ಪ್ರಕರಣವನ್ನು ಬರೆಯಬೇಕು ಅನ್ನಿಸಿದ್ದು ಮುಂದಿನ ಸಂಜೆಯಿಂದ.

ಸಂಘದ ಕೆಲವು ಸದಸ್ಯರಿಗೆ ತೋರಿಸಲು ಹೋಗಿದ್ದೆವು. ಹುಡುಗಿ ತನ್ನ ಫೋನನ್ನು ಒಬ್ಬ ಹಿರಿಯ ಬೆಳೆಗಾರರ ಕೈಗೆ ಕೊಟ್ಟಳು. ಅವರು ಕನ್ನಡಕ ಏರಿಸಿಕೊಂಡು ಸುಮಾರು ಹೊತ್ತು ನೋಡಿದರು.

"ಅಲ್ಲ ಮಗಾ, ಈ ರೇಟಿಗೆ ಯಾವ ಅಡಿಕೆ ಹೋಗಿದ್ದು ಇವತ್ತು?"

"ಅದು ಸರಾಸರಿ ಅಜ್ಜಯ್ಯ. ಆ ಮಾರುಕಟ್ಟೆಯ ಎಲ್ಲ ಅಡಿಕೆದೂ ಸೇರಿಸಿ."

"ಎಲ್ಲಾ ಸೇರಿಸಿ ಯಾರು ಮಾರ್ತಾರೆ?"

ಯಾರೂ ನಗಲಿಲ್ಲ. ಅವರು ಕೇಳಿದ್ದು ನಿಜವಾದ ಪ್ರಶ್ನೆ. ಶಿವಮೊಗ್ಗ ಕಡೆಯ ಕೆಂಪಡಿಕೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬಗೆಗಳಿವೆ. ಕಾಯಿ ಎಳೆಯದಾಗಿದ್ದಾಗ ಕೊಯ್ದರೋ ಬಲಿತ ಮೇಲೆ ಕೊಯ್ದರೋ, ಹೇಗೆ ಸುಲಿದು ಬೇಯಿಸಿ ಒಣಗಿಸಿದರೋ ಅದರ ಮೇಲೆ ಬಗೆ ನಿಲ್ಲುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹೋದರೆ ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಣಗಿಸಿ ಮಾಡುವ ಚಾಲಿ, ಅದರ ಜೊತೆ ಕೆಂಪುಗೋಟು, ಬಿಳೆಗೋಟು, ತಟ್ಟಿಬೆಟ್ಟೆ ಎಂಬ ಹೆಸರುಗಳು ಬರುತ್ತವೆ. ಬಗೆಯಿಂದ ಬಗೆಗೆ ಧಾರಣೆಯಲ್ಲಿ ಅಜಗಜಾಂತರ. ಲೆಕ್ಕ ತಿಳಿಯಲಿ ಎಂದು ಊಹೆಯ ಅಂಕಿ ಇಟ್ಟುಕೊಳ್ಳೋಣ. ಸರಕು 80,000, ರಾಶಿ 50,000, ಗೊರಬಲು 30,000. ಮೂರರ ಸರಾಸರಿ 53,333. ಸರಕು ಇದ್ದವನಿಗೆ ಇದು ತೀರಾ ಕಡಿಮೆ. ಗೊರಬಲು ಇದ್ದವನಿಗೆ ಸುಳ್ಳು ಆಸೆ. ರಾಶಿ ಇದ್ದವನು "ಮೂರು ಸಾವಿರ ಏರಿದೆ" ಎಂದುಕೊಂಡು ಮೂಟೆ ಕಟ್ಟಬಹುದು. ಆ ದರಕ್ಕೆ ಆ ದಿನ ಒಂದು ಕೆಜಿ ಅಡಿಕೆಯೂ ಮಾರಾಟವಾಗಿರಲಾರದು.

ನಮ್ಮ ಬೆಲೆ ಕಾರ್ಡು ದಪ್ಪ ಅಕ್ಷರದಲ್ಲಿ ತೋರಿಸುತ್ತಿದ್ದದ್ದು ಆ ಅಂಕಿಯನ್ನೇ.

ಕಾರ್ಡಿಗೆ ಒಂದೇ ಅಂಕಿ ಬೇಕಿತ್ತು. ಡೇಟಾದಲ್ಲಿ ಒಂದು ಮಾರುಕಟ್ಟೆಗೆ ಐದಾರು ಸಾಲು ಇತ್ತು. ಹಾಗಾಗಿ ಸರಾಸರಿ ತೆಗೆದೆವು. ಕಾಂಪೊನೆಂಟಿನ ಆಕಾರಕ್ಕೆ ಹೊಂದುವ ಹಾಗೆ ಡೇಟಾವನ್ನು ಕತ್ತರಿಸಿದ್ದೆವು. ಕೋಡಿನಲ್ಲಿ ಅದು ಒಂದೇ ಸಾಲಿನ ಲೆಕ್ಕ, ಯಾವ ಎಚ್ಚರಿಕೆಯೂ ಬರಲಿಲ್ಲ, ಪರೀಕ್ಷೆಗಳೂ ಪಾಸಾದವು. ನಾನು ಈ ಕೆಲಸದಲ್ಲಿ ಹೆಚ್ಚು ಯೋಚಿಸಿರುವುದು ಇದರ ಬಗ್ಗೆಯೇ. ಕೆಟ್ಟು ನಿಂತ ಆ್ಯಪನ್ನು ಯಾರೂ ನಂಬುವುದಿಲ್ಲ. ಚೆಂದಾಗಿ ಓಡುತ್ತಾ ತಪ್ಪು ಧಾರಣೆ ಹೇಳುವ ಆ್ಯಪನ್ನು ಜನ ನಂಬುತ್ತಾರೆ. ಅಡಿಕೆ ಮಾರುವುದು ಅಂದರೆ ಒಂದು ಮನೆಯ ವರ್ಷದ ದುಡಿಮೆ, ಅಲ್ವಾ?

ಅದೇ ಸಂಜೆ ಇನ್ನೂ ಎರಡು ವಿಷಯ ತಿಳಿಯಿತು. ನಾವು ವೆರೈಟಿ ಎಂಬ ಅಂಕಣಕ್ಕೆ "ತಳಿ" ಎಂದು ಕನ್ನಡ ಮಾಡಿದ್ದೆವು. ಅಜ್ಜಯ್ಯ ತಲೆ ಅಲ್ಲಾಡಿಸಿದರು. "ತಳಿ ಅಂದ್ರೆ ಗಿಡದ್ದು. ಇದು ಒಂದೇ ಮರದ್ದೂ ಆಗಬಹುದು. ಬಗೆ ಅನ್ನು." ಒಂದು ಪದದ ತಿದ್ದುಪಡಿ, ಆದರೆ ಸಾಲಿನ ಅರ್ಥವೇ ಅದರಲ್ಲಿತ್ತು. ಸಾಲು ಇರುವುದು ಬೆಳೆಯ ಬಗ್ಗೆ ಅಲ್ಲ. ಒಂದು ಮಾರುಕಟ್ಟೆಯಲ್ಲಿ, ಒಂದು ದಿನ, ಒಂದು ಬಗೆಯ ಮಾಲು ಯಾವ ದರಕ್ಕೆ ಹೋಯಿತು ಅನ್ನೋದರ ಬಗ್ಗೆ.

ಇನ್ನೊಂದು, ಯಾವ ಅಂಕಿ ದೊಡ್ಡದಾಗಿ ಕಾಣಬೇಕು ಅನ್ನೋದು. ಬಗೆವಾರು ತೋರಿಸಿದರೂ ಪ್ರತಿ ಸಾಲಿನಲ್ಲಿ ಮೂರು ದರ ಇವೆ. ಹುಡುಗ ಗರಿಷ್ಠ ದರವನ್ನು ದೊಡ್ಡದು ಮಾಡೋಣ ಎಂದ, ಜನ ಮೊದಲು ಕೇಳುವುದು ಅದನ್ನೇ ಅಂತ. ಕಾರ್ಯದರ್ಶಿಗಳು ಒಪ್ಪಲಿಲ್ಲ. ಒಂದು ಒಳ್ಳೆಯ ಲಾಟಿಗೆ ಯಾರೋ ಒಬ್ಬರು ಜಾಸ್ತಿ ಕೂಗಿದರೆ ಗರಿಷ್ಠ ಏರುತ್ತದೆ, ಅದನ್ನು ನೋಡಿ ಗಾಡಿ ಹತ್ತಿಸಿಕೊಂಡು ಬಂದವನಿಗೆ ಆ ದರ ಸಿಗುವುದಿಲ್ಲ ಎಂದರು. ಮೋಡಲ್ ಅಂದರೆ ಹೆಚ್ಚಿನ ಮಾಲು ಯಾವ ದರಕ್ಕೆ ಹೋಯಿತೋ ಅದು. ಹಲಗೆಯ ಮೇಲೆ ಅವರು ಇಷ್ಟು ವರ್ಷ ಬರೆದದ್ದೂ ಅದನ್ನೇ. ಮೋಡಲ್ ದೊಡ್ಡದಾಯಿತು. ಕನಿಷ್ಠ, ಗರಿಷ್ಠ ಅದರ ಪಕ್ಕದಲ್ಲಿ ಚಿಕ್ಕದಾಗಿ ಕೂತವು.

ಕಾಂಪೊನೆಂಟುಗಳನ್ನು ಮತ್ತೆ ಬರೆದದ್ದು

ಮಾರನೇ ದಿನ ಬೆಲೆ ಕಾರ್ಡನ್ನು ಪೂರ್ತಿ ಅಳಿಸಿದೆವು. ಹುಡುಗನಿಗೆ ಬೇಜಾರಾಯಿತು, ಅದರ ಅಂದಕ್ಕೆ ಅವನು ಎರಡು ವಾರ ಕೊಟ್ಟಿದ್ದ. ತಿದ್ದಿ ಉಳಿಸಿಕೊಳ್ಳೋಣ ಎಂದು ಅರ್ಧ ದಿನ ಮಾತಾಡಿದೆವು. ಆದರೆ "ಒಂದು ಮಾರುಕಟ್ಟೆಗೆ ಒಂದು ಅಂಕಿ" ಎಂಬುದೇ ಆ ಕಾರ್ಡಿನ ಬುನಾದಿ. ಬುನಾದಿ ತಪ್ಪಾದ ಮೇಲೆ ಮೇಲಿನದನ್ನು ತೇಪೆ ಹಾಕುವುದರಲ್ಲಿ ಅರ್ಥ ಇರಲಿಲ್ಲ.

ಹೊಸದರಲ್ಲಿ ಅತಿ ಚಿಕ್ಕ ಕಾಂಪೊನೆಂಟ್ "ಬಗೆ ಸಾಲು". ಒಂದು ದಾಖಲೆಗೆ ಒಂದು. ಅದರ ಮೇಲೆ "ಮಾರುಕಟ್ಟೆ ಗುಂಪು", ಅದರ ಮೇಲೆ ದಿನದ ಪಟ್ಟಿ. ಎಲ್ಲೂ ಕೂಡಿಸುವುದು, ಭಾಗಿಸುವುದು ಇಲ್ಲ. ರಿಯಾಕ್ಟಿನಲ್ಲಿ ಪಟ್ಟಿಯ ಪ್ರತಿ ಸಾಲಿಗೆ ಒಂದು ಕೀ ಕೊಡಬೇಕು. ಇದು ಎಪಿಐ ಕೀ ಅಲ್ಲ, ಆ ಸಾಲಿನ ಗುರುತು. ಮೊದಲು ಸಾಲಿನ ಕ್ರಮಸಂಖ್ಯೆಯನ್ನೇ ಕೊಟ್ಟಿದ್ದೆವು. ರಾಶಿಯ ವಿವರ ತೆರೆದಿಟ್ಟು, ಪಟ್ಟಿಯನ್ನು ದರದ ಪ್ರಕಾರ ಜೋಡಿಸಿದರೆ, ತೆರೆದ ವಿವರ ಅದೇ ಜಾಗದಲ್ಲಿ ಉಳಿದು ಬೆಟ್ಟೆಯದಾಗಿಬಿಡುತ್ತಿತ್ತು. ಮಾರುಕಟ್ಟೆ ಮತ್ತು ಬಗೆ ಎರಡನ್ನೂ ಸೇರಿಸಿ ಕೀ ಮಾಡಿದೆವು. ಆಗ ಬ್ರೌಸರಿನಲ್ಲಿ ಎಚ್ಚರಿಕೆಗಳು ಕಾಣುವ ಕನ್ಸೋಲಿನಲ್ಲಿ "ಒಂದೇ ಕೀ ಎರಡು ಬಾರಿ" ಎಂಬ ಎಚ್ಚರಿಕೆ ಬಂತು. ಒಂದೇ ಬಗೆಗೆ ಬೇರೆ ಬೇರೆ ಗ್ರೇಡಿನ ಎರಡು ದಾಖಲೆ ಇತ್ತು. ನಾವು ಗ್ರೇಡ್ ಅಂಕಣವನ್ನು ಗಮನಿಸಿಯೇ ಇರಲಿಲ್ಲ. ಆ ಎಚ್ಚರಿಕೆಯನ್ನು ಸಾಮಾನ್ಯವಾಗಿ ಎಲ್ಲರೂ ಕಡೆಗಣಿಸುತ್ತಾರೆ. ನನ್ನ ಮಟ್ಟಿಗೆ ಅದು ಡೇಟಾದ ಬಗ್ಗೆ ಕೇಳಿದ ಒಳ್ಳೆಯ ಪ್ರಶ್ನೆ.

ಬಗೆಗಳ ಹೆಸರನ್ನು ಕನ್ನಡದಲ್ಲಿ ತೋರಿಸಲು ಇನ್ನೊಂದು ಹೆಸರುಪಟ್ಟಿ ಮಾಡಿದೆವು. ಅಜ್ಜಯ್ಯನೇ ಕೂತು ಓದಿಸಿಕೊಂಡು ಹೇಳಿದರು. ಪಟ್ಟಿಯಲ್ಲಿಲ್ಲದ ಹೆಸರು ಬಂದರೆ ಏನು ಮಾಡುವುದು? ಬಿಟ್ಟುಬಿಡೋಣ, ಕನ್ನಡದ ನಡುವೆ ಇಂಗ್ಲಿಷ್ ಅಕ್ಷರ ಚೆಂದ ಕಾಣುವುದಿಲ್ಲ ಎಂದು ಹುಡುಗ ಹೇಳಿದ. ಹುಡುಗಿ ಖಡಾಖಂಡಿತವಾಗಿ ಬೇಡ ಅಂದಳು. ಕಾಣದೆ ಹೋದ ಸಾಲನ್ನು ಯಾರೂ ಕೇಳುವುದಿಲ್ಲ, ಇಂಗ್ಲಿಷಿನಲ್ಲಿ ಕಂಡರೆ ಯಾರಾದರೂ ಬಂದು ಹೇಳುತ್ತಾರೆ ಅನ್ನೋದು ಅವಳ ವಾದ. ಅವಳು ಹೇಳಿದ ಹಾಗೆಯೇ ಮಾಡಿದೆವು. ಆಮೇಲೆ ಎರಡು ಹೆಸರುಗಳು ಹಾಗೆಯೇ ಸರಿಯಾದವು.

ಒಂದು ಊರಿನ ಹೆಸರು, ಇನ್ನೊಂದು ಊರಿನ ಧಾರಣೆ

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ನೆಟ್‌ವರ್ಕ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಒಬ್ಬ ಸದಸ್ಯರು ಫೋನ್ ಮಾಡಿ, ಶಿರಸಿ ಎಂದು ಆರಿಸಿದರೆ ಶಿವಮೊಗ್ಗದ ಹಾಗೆ ಕಾಣುತ್ತದೆ ಎಂದರು. ನಾವು ನೋಡಿದಾಗ ಎಲ್ಲ ಸರಿ ಇತ್ತು. ಎರಡು ದಿನ ಹುಡುಕಿದರೂ ಸಿಗಲಿಲ್ಲ. ಕೊನೆಗೆ ಅವರ ಮನೆಗೇ ಹೋದೆವು. ಅಲ್ಲಿ ಅಂಗಳದಲ್ಲಿ ನಿಂತು, ಶಿವಮೊಗ್ಗ ಆರಿಸಿ, ತಕ್ಷಣ ಶಿರಸಿ ಆರಿಸಿದಾಗ ಕಣ್ಣೆದುರೇ ಆಯಿತು. ಎರಡು ಕರೆ ಹೋಗಿವೆ. ಶಿರಸಿಯ ಉತ್ತರ ಮೊದಲು ಬಂತು, ಸರಿಯಾಗಿ ಕಂಡಿತು. ತಡವಾಗಿ ಬಂದ ಶಿವಮೊಗ್ಗದ ಉತ್ತರ ಅದರ ಮೇಲೆ ಕೂತಿತು. ಶೀರ್ಷಿಕೆ ಮಾತ್ರ ಶಿರಸಿ ಎಂದೇ ಇದೆ.

ಎರಡು ತಿದ್ದುಪಡಿ ಮಾಡಿದೆವು. ಯೂಸ್ಎಫೆಕ್ಟ್ ಮುಗಿಯುವಾಗ ಓಡುವ ಶುಚಿ ಭಾಗದಲ್ಲಿ ಅಬಾರ್ಟ್‌ಕಂಟ್ರೋಲರ್ ಮೂಲಕ ಹಳೆಯ ಕರೆಯನ್ನು ರದ್ದು ಮಾಡಿದೆವು. ಇನ್ನೊಂದು ನನಗೆ ಹೆಚ್ಚು ಮುಖ್ಯ ಅನ್ನಿಸಿದ್ದು. ಶೀರ್ಷಿಕೆಯ ಹೆಸರನ್ನು ಬಳಕೆದಾರರ ಆಯ್ಕೆಯಿಂದ ತೆಗೆಯುವುದನ್ನು ಬಿಟ್ಟು, ದಾಖಲೆಯೊಳಗೆ ಇರುವ ಮಾರುಕಟ್ಟೆಯ ಹೆಸರನ್ನೇ ತೋರಿಸಿದೆವು. ಇನ್ನು ಯಾವ ಕಾರಣಕ್ಕೆ ತಪ್ಪು ದಾಖಲೆ ಬಂದರೂ, ಹೆಸರೂ ದರವೂ ಒಂದಕ್ಕೊಂದು ಹೊಂದಿಯೇ ಇರುತ್ತವೆ.

ಇದರಲ್ಲಿ ಹಿಂದಿನ ಒಂದು ತೀರ್ಮಾನವೂ ಹೊರಬಂತು. ಯೋಜನೆಯ ಮೊದಲ ದಿನಗಳಲ್ಲಿ ಪ್ರತಿ ಕರೆ ಎರಡೆರಡು ಸಲ ಹೋಗುತ್ತಿದೆ ಎಂದು ಹುಡುಗ ರಿಯಾಕ್ಟಿನ ಸ್ಟ್ರಿಕ್ಟ್ ಮೋಡ್ ಎಂಬ ತಪಾಸಣೆ ವ್ಯವಸ್ಥೆಯನ್ನು ತೆಗೆದುಹಾಕಿದ್ದ. 2022ರಲ್ಲಿ ಬಂದ ರಿಯಾಕ್ಟ್ 18ರಿಂದ, ಕೋಡ್ ಬರೆಯುವ ಹಂತದಲ್ಲಿ ಸ್ಟ್ರಿಕ್ಟ್ ಮೋಡ್ ಪ್ರತಿ ಎಫೆಕ್ಟನ್ನು ಒಮ್ಮೆ ಓಡಿಸಿ, ಶುಚಿ ಮಾಡಿಸಿ, ಮತ್ತೆ ಓಡಿಸುತ್ತದೆ. ಶುಚಿ ಭಾಗ ಬರೆಯದವರಿಗೆ ಅದು ಅಲ್ಲೇ ಕಾಣಲಿ ಎಂದೇ ಹಾಗೆ ಮಾಡಿದ್ದು. ಕಿರಿಕಿರಿ ಎಂದು ತೆಗೆದ ವ್ಯವಸ್ಥೆ ಈ ತಪ್ಪನ್ನು ಮೊದಲ ವಾರವೇ ತೋರಿಸುತ್ತಿತ್ತು. ಅದನ್ನು ವಾಪಸ್ ಹಾಕಿದೆವು.

ಎರಡು ತಿಂಗಳ ಹಿಂದಿನ ತಾರೀಖು

ಜುಲೈ 5ರಂದು ಆ್ಯಪ್ ಮೇ 7 ಎಂದು ತೋರಿಸಿತು. ಡೇಟಾದಲ್ಲಿ ತಾರೀಖು ನಮ್ಮ ರೂಢಿಯ ಹಾಗೆ ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ, ನಡುವೆ ಓರೆಗೆರೆ ಹಾಕಿ ಬರುತ್ತದೆ. ಜಾವಾಸ್ಕ್ರಿಪ್ಟಿನ ಡೇಟ್ ಅದನ್ನು ಅಮೆರಿಕದ ರೂಢಿಯಂತೆ ತಿಂಗಳು ಮೊದಲು ಎಂದು ಓದುತ್ತದೆ. ನಾವು ಪರೀಕ್ಷೆ ಮಾಡಿದ್ದು ಜೂನ್ 6ರ ದಾಖಲೆಯ ಮೇಲೆ. ದಿನವೂ ತಿಂಗಳೂ ಒಂದೇ ಆಗಿದ್ದರಿಂದ ಏನೂ ತಿಳಿಯಲಿಲ್ಲ. ಗಮನಿಸದೆ ಬಿಟ್ಟಿದ್ದರೆ 13ನೇ ತಾರೀಖಿನಿಂದ "ಅಮಾನ್ಯ ತಾರೀಖು" ಎಂಬರ್ಥದ ಇಂಗ್ಲಿಷ್ ಪದ ಕಾಣುತ್ತಿತ್ತು, ಏಕೆಂದರೆ ಹದಿಮೂರನೇ ತಿಂಗಳು ಇಲ್ಲ. ಓರೆಗೆರೆಯ ಹತ್ತಿರ ಒಡೆದು ಕೈಯಾರೆ ಜೋಡಿಸಿದೆವು, ಐದು ನಿಮಿಷದ ಕೆಲಸ. ಆದರೆ "ಎರಡು ತಿಂಗಳ ಹಳೇ ರೇಟು ತೋರಿಸ್ತಾ ಇದೆ" ಎಂದು ಗುಂಪಿನಲ್ಲಿ ಬಂದ ಮಾತು ಹೋಗಲು ಹದಿನೈದು ದಿನ ಹಿಡಿಯಿತು.

ಖಾಲಿ ಪರದೆ

ಹಲಗೆ ಖಾಲಿ ಇದ್ದರೆ ಜನ ಕಾರ್ಯದರ್ಶಿಯನ್ನು ಕೇಳುತ್ತಾರೆ. ಪರದೆ ಖಾಲಿ ಇದ್ದರೆ ಕೇಳಲು ಯಾರೂ ಇಲ್ಲ.

ಮೊದಲು ನಾವು ಎರಡೇ ಸ್ಥಿತಿ ಇಟ್ಟುಕೊಂಡಿದ್ದೆವು. ಡೇಟಾ ಬರುತ್ತಿದೆ, ಡೇಟಾ ಬಂದಿದೆ. ಬಂದ ಪಟ್ಟಿ ಖಾಲಿ ಇದ್ದರೆ "ಇಂದು ಮಾರುಕಟ್ಟೆ ಇಲ್ಲ" ಎಂದು ತೋರಿಸುತ್ತಿದ್ದೆವು. ಒಂದು ದಿನ ಹೊಸ ಕೀ ಹಾಕುವಾಗ ನಮ್ಮ ಕೈಯಲ್ಲಿ ಒಂದು ಅಕ್ಷರ ತಪ್ಪಿತು. ಸರ್ವರ್ "ಈ ಕೀಗೆ ಅನುಮತಿ ಇಲ್ಲ" ಎಂದು ಸರಿಯಾಗಿಯೇ ಹೇಳಿತು. ಆದರೆ ಫೆಚ್ ಇಂತಹ ಉತ್ತರವನ್ನು ಸೋಲು ಎಂದು ಎಣಿಸುವುದಿಲ್ಲ. ಸಂಪರ್ಕವೇ ಸಿಗದಿದ್ದರೆ, ಇಲ್ಲವೇ ಕರೆ ರದ್ದಾದರೆ, ಅಂತಹ ಸಂದರ್ಭದಲ್ಲಿ ಅದು ಸೋಲುತ್ತದೆ. ಉತ್ತರ ಸರಿಯಿದೆಯೇ ಎಂದು ಓಕೆ ಎಂಬ ಗುಣವನ್ನು ನಾವೇ ನೋಡಬೇಕು. ನೋಡಿರಲಿಲ್ಲ. ವ್ಯಾಪಾರ ಜೋರಾಗಿ ನಡೆದ ದಿನ ನಮ್ಮ ಆ್ಯಪ್ "ಇಂದು ಮಾರುಕಟ್ಟೆ ಇಲ್ಲ" ಎಂದಿತು. ಒಬ್ಬರು ಅದನ್ನು ನಂಬಿ ಗಾಡಿ ವಾಪಸ್ ಕಳಿಸಿದರು. ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಅವರು ದೊಡ್ಡ ಮನಸ್ಸು ಮಾಡಿದರು, ಆದರೂ ಆ ದಿನ ನನಗೆ ಮರೆಯುವುದಿಲ್ಲ.

ಇದಾದ ಮೇಲೆ ಸ್ಥಿತಿಗಳನ್ನು ಬೇರೆ ಬೇರೆ ಮಾಡಿದೆವು. ತರುತ್ತಿದ್ದೇವೆ. ತಂದೆವು, ದಾಖಲೆ ಇದೆ. ತಂದೆವು, ಇಲ್ಲಿಯವರೆಗೆ ದಾಖಲೆ ಬಂದಿಲ್ಲ. ತರಲು ಆಗಲಿಲ್ಲ. "ಮಾರುಕಟ್ಟೆ ಇಲ್ಲ" ಎಂಬ ಮಾತನ್ನೇ ತೆಗೆದೆವು. ಮಾರುಕಟ್ಟೆಗೆ ರಜೆಯೋ ಅಲ್ಲವೋ ಈ ಡೇಟಾದಿಂದ ಗೊತ್ತಾಗುವುದಿಲ್ಲ. ಗೊತ್ತಾಗದ್ದನ್ನು ಹೇಳಬಾರದು.

ಕೀಯ ವಿಷಯ ಬಂದದ್ದರಿಂದ ಇನ್ನೊಂದು ಬದಲಾವಣೆಯೂ ಆಯಿತು. ವೀಟಿನಲ್ಲಿ ಸೆಟ್ಟಿಂಗ್ ಇಡುವ ಎನ್ವಿರಾನ್ಮೆಂಟ್ ಫೈಲಿಗೆ ಹಾಕಿದರೆ ಕೀ ಗುಟ್ಟಾಗಿ ಇರುತ್ತದೆ ಎಂದು ನಂಬಿದ್ದೆವು. ಆದರೆ ಅಲ್ಲಿ ವೀಟ್ ಎಂಬ ಪದದಿಂದ ಶುರುವಾಗುವ ಹೆಸರುಗಳೆಲ್ಲ ಬ್ರೌಸರಿಗೆ ಹೋಗುವ ಫೈಲಿನೊಳಗೆ ಸೇರಿಬಿಡುತ್ತವೆ, ಯಾರು ಬೇಕಾದರೂ ತೆರೆದು ಓದಬಹುದು. ಅದಕ್ಕೆ ನಡುವೆ ಒಂದು ಚಿಕ್ಕ ಸರ್ವರ್ ಇಟ್ಟೆವು. ಕೀ ಅಲ್ಲಿರುತ್ತದೆ. ಅದು ಮಧ್ಯಾಹ್ನದಿಂದ ರಾತ್ರಿಯ ತನಕ ಆಗಾಗ ಡೇಟಾ ತಂದು ಒಂದು ಫೈಲಿನಲ್ಲಿ ಇಡುತ್ತದೆ. ಎಲ್ಲರ ಫೋನಿಗೂ ಹೋಗುವುದು ಆ ಫೈಲು. ಹಾಗಾಗಿ ನಾವು ಎಪಿಐ ಮೇಲೆ ಹಾಕುವ ಭಾರವೂ ಇಳಿಯಿತು, ನಿಧಾನದ ನೆಟ್‌ವರ್ಕಿನಲ್ಲೂ ಬೇಗ ತೆರೆಯುವ ಹಾಗಾಯಿತು.

ಜೊತೆಗೆ ನಿನ್ನೆಯ ಧಾರಣೆ ನಮ್ಮ ಹತ್ತಿರ ಉಳಿಯತೊಡಗಿತು. ಇಂದಿನದು ಬರುವ ತನಕ ನಿನ್ನೆಯದನ್ನು ತೋರಿಸಬಹುದಾ? ನಾನು ಬೇಡ ಅಂದೆ, ಜನ ಗೊಂದಲ ಮಾಡಿಕೊಳ್ಳುತ್ತಾರೆ ಎಂದು. ಅಜ್ಜಯ್ಯ ನನ್ನ ಮಾತು ಒಪ್ಪಲಿಲ್ಲ. "ಹಳೇದು ಅಂತ ದೊಡ್ಡದಾಗಿ ಬರೆದು ತೋರಿಸಿ. ಮುಚ್ಚಿಡಬೇಡಿ." ಅವರು ಹೇಳಿದ್ದೇ ಸರಿ. ಈಗ ಹಳೆಯ ದಾಖಲೆಯ ಸಾಲು ಬೂದು ಬಣ್ಣದಲ್ಲಿ ಇರುತ್ತದೆ, ದರಕ್ಕಿಂತ ಮೊದಲು ತಾರೀಖು ಕಾಣುತ್ತದೆ.

ನಿನ್ನೆಯ ಧಾರಣೆ ಸಿಕ್ಕ ಮೇಲೆ ಗ್ರಾಫ್ ಕೂಡ ಮಾಡಿದೆವು. ಅದಕ್ಕೆ ಬಳಸಿದ ಲೈಬ್ರರಿಯಿಂದ ಪುಟ ಭಾರವಾಯಿತು, ಯಾರೂ ನೋಡಲಿಲ್ಲ, ತೆಗೆದೆವು. ಅದರ ಬದಲು "ನಿನ್ನೆಗಿಂತ ಇಷ್ಟು ಹೆಚ್ಚು" ಎಂಬ ಒಂದು ಸಾಲು ಸಾಕಾಯಿತು. ನಿನ್ನೆ ಆ ಬಗೆಯ ವ್ಯಾಪಾರ ಆಗಿರದಿದ್ದರೆ ಆ ಸಾಲೇ ಇರುವುದಿಲ್ಲ. ಇಲ್ಲದ್ದನ್ನು ಸೊನ್ನೆ ಎಂದು ಲೆಕ್ಕ ಹಾಕಿ "ಐವತ್ತು ಸಾವಿರ ಏರಿಕೆ" ಎಂದು ತೋರಿಸಿದ್ದನ್ನು ಹುಡುಗಿ ಬಿಡುಗಡೆಗೆ ಮುಂಚೆ ಹಿಡಿದಳು.

ಈಗ

ಕಾರ್ಯದರ್ಶಿಗಳು ಹಲಗೆ ಬರೆಯುವುದನ್ನು ನಿಲ್ಲಿಸಿಲ್ಲ. ಆ್ಯಪ್ ನೋಡಿ ಬರೆಯುತ್ತಾರೆ. ಅನುಮಾನ ಬಂದರೆ ಫೋನೂ ಮಾಡುತ್ತಾರೆ, ವ್ಯತ್ಯಾಸ ಇದ್ದರೆ ನಮಗೆ ತಿಳಿಸುತ್ತಾರೆ. ನಮಗೂ ಅದೇ ಬೇಕು. ಸ್ಮಾರ್ಟ್‌ಫೋನ್ ಇಲ್ಲದವರಿಗೆ ಹಲಗೆಯೇ ಗತಿ.

ಇದೇ ಕೆಲಸವನ್ನು ಮತ್ತೆ ಶುರು ಮಾಡುವುದಾದರೆ ನಾನು ಬದಲಿಸುವುದು ಕ್ರಮವನ್ನು. ಚೌಕ ಹಾಕುವ ಹಾಳೆಯನ್ನು ಆಮೇಲೆ ತೆಗೆಯುತ್ತೇನೆ. ಮೊದಲು ಒಂದು ದಿನದ ಡೇಟಾವನ್ನು ಪೂರ್ತಿ ಅಚ್ಚು ಹಾಕಿಕೊಂಡು, ಆ ಮಾಲನ್ನು ಮಾರಿ ಬದುಕುವವರ ಪಕ್ಕ ಕೂತು, ಒಂದೊಂದು ಸಾಲನ್ನೂ ಬೆರಳಿಟ್ಟು ಓದಿಸುತ್ತೇನೆ. ಸರಾಸರಿ, ತಳಿ, ಗರಿಷ್ಠ ದರ, ಗ್ರೇಡ್, ಈ ನಾಲ್ಕು ತಪ್ಪುಗಳೂ ಆ ಒಂದು ಗಂಟೆಯಲ್ಲಿ ಹೊರಬರುತ್ತಿದ್ದವು. ಉಳಿದವು, ಅಂದರೆ ತಡವಾಗಿ ಬಂದ ಉತ್ತರ, ತಾರೀಖು, ಫೆಚ್, ಇವು ನಮ್ಮ ಕಸುಬಿನ ತಪ್ಪುಗಳು. ಅವನ್ನು ನಾವೇ ಹಿಡಿಯಬೇಕಿತ್ತು.

ಈಗ ಕಾಳುಮೆಣಸನ್ನೂ ಸೇರಿಸಿ ಎಂದು ಕೇಳುತ್ತಿದ್ದಾರೆ. ಹುಡುಗ "ಅದೇ ಕಾಂಪೊನೆಂಟ್, ಬೆಳೆಯ ಹೆಸರು ಬದಲಿಸಿದರೆ ಆಯ್ತು" ಎಂದ, ಆಮೇಲೆ ತಾನೇ ತಡೆದುಕೊಂಡ. ಡೇಟಾದಲ್ಲಿ ದರ ಕ್ವಿಂಟಾಲಿಗೆ ಇದೆ, ಇಲ್ಲಿ ಮೆಣಸಿನ ಮಾತೆಲ್ಲ ಕೆಜಿ ಲೆಕ್ಕದಲ್ಲಿ. ಗಾರ್ಬಲ್ಡ್, ಅನ್‌ಗಾರ್ಬಲ್ಡ್ (ಶುಚಿ ಮಾಡಿದ್ದು, ಮಾಡದ್ದು) ಅಂತ ಬೇರೆ ಇದೆ. ಒಂದು ದಿನದ ದಾಖಲೆಗಳನ್ನು ಅಚ್ಚು ಹಾಕಿ ಇಟ್ಟಿದ್ದಾನೆ. ಬರುವ ಭಾನುವಾರ ಅಜ್ಜಯ್ಯನ ಮನೆಯ ಜಗಲಿಗೆ ಹೋಗುವುದು ಅಂತ ಆಗಿದೆ.